ಘಾಟಿ ಇಳಿಯುವ ಮುನ್ನ ಬ್ರೇಕ್ ಆಯಿಲ್ ಬದಲಿಸಿ

ಕಾರು ಇಟ್ಟುಕೊಂಡಿರುವ ಎಲ್ಲರಲ್ಲೂ ಒಂದು ವಿನಂತಿ.

ಎಂಜಿನ್ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಥಟ್ಟನೆ ಹೇಳುತ್ತೇವೆ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದಿರಿ ಎಂದರೆ ತಡವರಿಸುತ್ತೇವೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆಯಲ್ಲ ಎಂಬ ಸಮಾಧಾನ ನಮ್ಮದು. ಆದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು, ಧರ್ಮಸ್ಥಳಕ್ಕೋ ಉಡುಪಿಗೋ ಹೊರಟು ಚಾರ್ಮಾಡಿ, ಆಗುಂಬೆ ಇಳಿಯುವಾಗ ಈ ಸಮಾಧಾನ ಸಾಲದು.

ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರಿಕೊಳ್ಳುವ ಗುಣವಿದೆ. ಹೊಸ ‘ಡಾಟ್ 4’ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್‌ಗೆ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆಯ ಅಷ್ಟೂ ತಿರುವುಗಳನ್ನು ಬ್ರೇಕ್ ಮೇಲಿಂದ ಕಾಲು ತೆಗೆಯದೆ ಇಳಿದರೆ ಡಿಸ್ಕಿನ ಬಿಸಿ ಆಯಿಲ್‌ಗೂ ದಾಟುತ್ತದೆ. ತೇವ ಹಿಡಿದ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ, ಪೆಡಲ್ ನೆಲ ಮುಟ್ಟಿದರೂ ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ. ಗಾಡಿ ತಣ್ಣಗಾದ ಮೇಲೆ ಬ್ರೇಕ್ ಮೊದಲಿನಂತೆಯೇ ಹಿಡಿಯಬಹುದು. ಹಾಗಾಗಿ ಮರುದಿನ ಗ್ಯಾರೇಜಿಗೆ ಒಯ್ದರೂ ದೋಷ ಸುಲಭಕ್ಕೆ ಸಿಗುವುದಿಲ್ಲ.

‘ನಮ್ಮದು ಎಬಿಎಸ್ ಇರುವ ಕಾರು’ ಎನ್ನುವವರಿದ್ದಾರೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಚಕ್ರ ಜಾಮ್ ಆಗಿ ಗಾಡಿ ಜಾರದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಅದು ಕೆಲಸ ಮಾಡುವುದೂ ಇದೇ ಆಯಿಲ್, ಇದೇ ಪ್ಯಾಡ್ ನೆಚ್ಚಿಕೊಂಡು. ಅಂದಹಾಗೆ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಪೆಡಲ್ ಗಡಗಡ ಎಂದರೆ ಹೆದರಿ ಕಾಲು ತೆಗೆಯಬೇಡಿ. ಎಬಿಎಸ್ ಕೆಲಸ ಮಾಡುತ್ತಿರುವ ಗುರುತು ಅದು.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಏರ್ ತೆಗೆಸಿ. ಹೆಚ್ಚಿನ ಕಾರುಗಳಿಗೆ ಇದು ಎರಡು ವರ್ಷಕ್ಕೊಮ್ಮೆ ಬರುವ ಕೆಲಸ. ಕಾರು ಓಡದೆ ನಿಂತಿದ್ದರೂ ಲೆಕ್ಕ ಅದೇ. ಬಾನೆಟ್ ಎತ್ತಿ ನೋಡಿದಾಗ ಡಬ್ಬಿಯಲ್ಲಿ ಆಯಿಲ್ ಇಳಿದಿದ್ದರೆ ಮೇಲಿಂದ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಿದ್ದರೂ ಆಯಿಲ್ ಇಳಿಯುತ್ತದೆ, ಎಲ್ಲೋ ಸೋರುತ್ತಿದ್ದರೂ ಇಳಿಯುತ್ತದೆ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿಸಿ. ತಪ್ಪಿಯೂ ಎಂಜಿನ್ ಆಯಿಲ್ ಬೀಳದಿರಲಿ, ಒಳಗಿನ ರಬ್ಬರ್ ಊದಿಕೊಂಡು ಕೆಡುತ್ತದೆ. ಪ್ಯಾಡ್ 3 ಮಿಲಿಮೀಟರ್‌ಗೆ ಬಂದಿದ್ದರೆ ಎಡ-ಬಲ ಎರಡೂ ಚಕ್ರದ್ದನ್ನು ಒಟ್ಟಿಗೆ ಬದಲಿಸಿ. ಹಿಂದಿನ ಡ್ರಮ್ ಬಿಚ್ಚಿಸಿ ನೋಡುವುದನ್ನೂ ಮರೆಯಬೇಡಿ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಆರದಿದ್ದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಘಾಟಿಯಲ್ಲಿ ಎರಡನೇ ಗೇರ್‌ಗೋ ಮೂರನೇ ಗೇರ್‌ಗೋ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವುದು, ಎಂಜಿನ್ ಆಫ್ ಮಾಡುವುದು ಖಂಡಿತ ಬೇಡ. ಎಂಜಿನ್ ನಿಂತರೆ ಬೂಸ್ಟರ್‌ನ ನೆರವು ಎರಡು ಮೂರು ಸಲ ಬ್ರೇಕ್ ಒತ್ತುವುದರಲ್ಲಿ ಮುಗಿದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ನಿಮ್ಮ ಬ್ರೇಕ್ ನಿಮ್ಮೊಬ್ಬರದೇ ವಿಷಯವಲ್ಲ. ಎದುರಿನಿಂದ ಬೈಕಿನಲ್ಲಿ ಘಾಟಿ ಹತ್ತಿ ಬರುವವರ ಜೀವವೂ ಅದರ ಮೇಲಿದೆ. ಬಾಡಿಗೆ ಗಾಡಿ ಓಡಿಸುವವರು, ಗ್ಯಾರೇಜ್ ನಡೆಸುವವರು ಕೂಡ ಈ ಮಾತನ್ನು ಗಿರಾಕಿಗಳಿಗೆ ತಿಳಿಸಿ. ಮುಂದಿನ ಸಲ ಕಾರು ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಆಯಿಲ್ ಬದಲಾವಣೆ’ ಎಂದು ಬರೆಸಿ, ಆದ ತಾರೀಖನ್ನು ಗುರುತು ಹಾಕಿಟ್ಟುಕೊಳ್ಳಿ.