ನಗೆ ಮೇಲಕ್ಕೋ, ಕೆಳಕ್ಕೋ?

ಪುಣೆಯಲ್ಲಿ ನಾಲ್ಕು ಮಂದಿ ಕನ್ನಡಿಗರು ಕೂಡಿದ ಕಡೆ ಒಂದು ಮಾತು ಬಂದೇ ಬರುತ್ತದೆ: ಆರ್.ಕೆ. ಲಕ್ಷ್ಮಣ್ ನಮ್ಮವರು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು, ಕೊನೆಗಾಲವನ್ನು ಪುಣೆಯಲ್ಲಿ ಕಳೆದು 2015ರ ಜನವರಿ 26ರಂದು ಇಲ್ಲೇ ತೀರಿಕೊಂಡವರು. ಸಿಂಬಯೋಸಿಸ್ ಸಂಸ್ಥೆಯ ಆವರಣದಲ್ಲಿ 2001ರಿಂದ ಅವರ ಶ್ರೀಸಾಮಾನ್ಯನ ಕಂಚಿನ ಪುತ್ಥಳಿ ನಿಂತಿದೆ. ಬಾಲೇವಾಡಿಯಲ್ಲಿ 2022ರಲ್ಲಿ ಅವರ ಹೆಸರಿನ ಕಲಾ ಸಂಗ್ರಹಾಲಯ ಉದ್ಘಾಟನೆಯಾಯಿತು. ಊರಿಂದ ಯಾರಾದರೂ ಬಂದರೆ ಶನಿವಾರವಾಡಾ, ಪರ್ವತಿ ತೋರಿಸಿ, ಆಮೇಲೆ ಈ ಪುತ್ಥಳಿಯನ್ನೂ ತೋರಿಸಿ ಎದೆ ಉಬ್ಬಿಸುತ್ತೇವೆ. ಅದು ಬೇಡ ಅನ್ನುವವನು ನಾನಲ್ಲ. ಆದರೆ ಪುತ್ಥಳಿಗೆ ಕೈಮುಗಿಯೋದು ಸುಲಭ. ಆ ಮನುಷ್ಯ ಐವತ್ತು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಯಾರನ್ನು ನೋಡಿ ನಕ್ಕ, ಯಾಕೆ ನಕ್ಕ ಅಂತ ಕೇಳಿಕೊಳ್ಳೋದು ಕಷ್ಟ. ಈ ಲೇಖನ ಆ ಕಷ್ಟದ ಪ್ರಶ್ನೆಯ ಬಗ್ಗೆ.

ಮೊದಲು 'ನಮ್ಮವರು' ಅನ್ನೋ ಲೆಕ್ಕ ಚುಕ್ತಾ ಮಾಡೋಣ. ಲಕ್ಷ್ಮಣರ ಮನೆಮಾತು ತಮಿಳು. ಅವರು ಹೆಸರು ಮಾಡಿದ್ದು ಮುಂಬೈಯ ಇಂಗ್ಲಿಷ್ ಪತ್ರಿಕೆಯಲ್ಲಿ. ಹುಟ್ಟಿದ ಊರಿನ ಹೆಸರಿನ ಮೇಲೆ ಒಬ್ಬರನ್ನು ಜಮಾ ಹಾಕಿಕೊಳ್ಳೋದು ಅಷ್ಟೇನೂ ದೊಡ್ಡ ಗಳಿಕೆಯಲ್ಲ. ಕನ್ನಡಕ್ಕೆ ಅವರ ಮೇಲೆ ನಿಜವಾದ ಹಕ್ಕು ಇರೋದು 'ಕೊರವಂಜಿ'ಯಿಂದ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ ಶುರು ಮಾಡಿ 1967ರವರೆಗೆ ನಡೆಸಿದ ನಗೆಪತ್ರಿಕೆ ಅದು. ಹುಡುಗ ಲಕ್ಷ್ಮಣ ಅದರಲ್ಲಿ ಚಿತ್ರ ಬರೆದರು. ಮುಂಬೈಯ ಜೆ.ಜೆ. ಕಲಾಶಾಲೆ 'ನಿನ್ನಲ್ಲಿ ಅಷ್ಟು ಪ್ರತಿಭೆ ಇಲ್ಲ' ಎನ್ನುವ ಅರ್ಥದ ಕಾಗದ ಬರೆದು ಪ್ರವೇಶ ಕೊಡಲಿಲ್ಲ. ಅಂಥ ಹುಡುಗನ ಗೆರೆಗೆ ಒಂದು ಕನ್ನಡ ಪತ್ರಿಕೆ ಜಾಗ ಕೊಟ್ಟಿತು. ಹೆಮ್ಮೆ ಪಡುವುದಾದರೆ ಇದಕ್ಕೆ ಪಡೋಣ, ಯಾಕಂದರೆ ಇದು ನಾವೂ ಮಾಡಬಹುದಾದ ಕೆಲಸ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 1940ರ ದಶಕದ ಕೊನೆಯಲ್ಲಿ ಮುಂಬೈಯ 'ಫ್ರೀ ಪ್ರೆಸ್ ಜರ್ನಲ್' ಕಚೇರಿಯಲ್ಲಿ ಇಬ್ಬರು ಹುಡುಗರು ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಒಬ್ಬರು ಮೈಸೂರಿನ ಲಕ್ಷ್ಮಣ್. ಇನ್ನೊಬ್ಬರು 1926ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದ ಬಾಳ್ ಠಾಕ್ರೆ. ಇಬ್ಬರಿಗೂ ಗುರು ಒಬ್ಬನೇ, ಲಂಡನ್ನಿನ ಪತ್ರಿಕೆಗಳಲ್ಲಿ ಹಿಟ್ಲರನನ್ನು ಗೇಲಿ ಮಾಡಿದ ಡೇವಿಡ್ ಲೋ. ಇಬ್ಬರ ಕುಂಚವೂ ಗಟ್ಟಿ. ಠಾಕ್ರೆಯವರ ಗೆರೆ ಸಾಮಾನ್ಯದ್ದಲ್ಲ. ನಮಗೆ ಆಗದವರು ಅಂತ ಅದನ್ನು ಮುಚ್ಚಿಡೋದು ಬೇಡ. ಇಬ್ಬರೂ ಕಡೇತನಕ ಸ್ನೇಹಿತರು ಕೂಡ.

ಆದರೆ ಅಲ್ಲಿಂದ ದಾರಿ ಎರಡಾಯಿತು. ಕಮ್ಯುನಿಸ್ಟರನ್ನು ಗೇಲಿ ಮಾಡಬಾರದು ಅಂತ ಮಾಲೀಕರು ಅಪ್ಪಣೆ ಕೊಟ್ಟಾಗ ಲಕ್ಷ್ಮಣ್ ಕೆಲಸ ಬಿಟ್ಟು ನಡೆದರು, 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. 1951ರಿಂದ 'ಯೂ ಸೆಡ್ ಇಟ್' ಅನ್ನೋ ಪುಟ್ಟ ಚೌಕದಲ್ಲಿ ಅವರ ಶ್ರೀಸಾಮಾನ್ಯ ಕಾಣಿಸಿಕೊಂಡ. ಪಂಚೆ, ಚೌಕಳಿ ಕೋಟು, ಕನ್ನಡಕ, ಬೋಳುತಲೆಯ ಅಕ್ಕಪಕ್ಕ ಎರಡು ಕುಚ್ಚು ಕೂದಲು. ಮಂತ್ರಿಯ ಹಿಂದೆ, ಅಧಿಕಾರಿಯ ಪಕ್ಕ, ರಸ್ತೆಯ ಗುಂಡಿಯ ಅಂಚಿನಲ್ಲಿ ಸುಮ್ಮನೆ ನಿಂತು ನೋಡುತ್ತಾನೆ. ಒಂದು ಮಾತು ಆಡಲ್ಲ.

ಠಾಕ್ರೆಯವರು ಕೆಲಸ ಬಿಟ್ಟು 1960ರಲ್ಲಿ 'ಮಾರ್ಮಿಕ್' ಎಂಬ ಮರಾಠಿ ವ್ಯಂಗ್ಯಚಿತ್ರ ವಾರಪತ್ರಿಕೆ ತೆಗೆದರು. ಮರಾಠಿ ಹುಡುಗರಿಗೆ ಮುಂಬೈಯಲ್ಲಿ ಕೆಲಸ ಸಿಗಲಿಲ್ಲ ಅನ್ನೋದು ಸುಳ್ಳು ಸಂಕಟವಲ್ಲ. ಅದನ್ನೂ ಒಪ್ಪಿಕೊಳ್ಳಬೇಕು. ಆದರೆ ಆ ಸಂಕಟಕ್ಕೆ ಉತ್ತರ ಹುಡುಕುವಾಗ ಪತ್ರಿಕೆ ಗಿರಣಿ ಮಾಲೀಕನ ಕಡೆಗಾಗಲಿ ಸರ್ಕಾರದ ಕಡೆಗಾಗಲಿ ಬೆರಳು ಮಾಡಿ ನಿಲ್ಲಲಿಲ್ಲ. ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರಿನ ಪಟ್ಟಿ ಅಚ್ಚು ಹಾಕಿತು. ಪಟ್ಟಿಯ ತಲೆಬರಹ ಮೊದಲು 'ಓದಿ, ತೆಪ್ಪಗೆ ಕೂತಿರಿ' ಎನ್ನುವಂಥದ್ದು, ಆಮೇಲೆ 'ಓದಿ, ಎದ್ದೇಳಿ' ಎನ್ನುವಂಥದ್ದು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಲುಂಗಿ ಉಟ್ಟವನು ಒಂದು ಘೋಷಣೆಯಾದ, ಒಂದು ಗೇಲಿಯ ಬೊಂಬೆಯಾದ. ಆ ಬೊಂಬೆಯೊಳಗೆ ಯಾರಿದ್ದರು? ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವನಿದ್ದ, ಟೈಪಿಸ್ಟ್ ಗುಮಾಸ್ತನಿದ್ದ, ಮೇಜು ಒರೆಸುವ ಹುಡುಗನೂ ಇದ್ದ. 1969ರ ಫೆಬ್ರುವರಿಯಲ್ಲಿ ಗಡಿ ಪ್ರಶ್ನೆಯ ಹೆಸರಿನಲ್ಲಿ ಮುಂಬೈಯಲ್ಲಿ ಗಲಭೆಯಾಯಿತು, ಜೀವಗಳು ಹೋದವು. ಇವೆಲ್ಲಕ್ಕೂ ವ್ಯಂಗ್ಯಚಿತ್ರವೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಜನವನ್ನು ಮೊದಲು ಬೊಂಬೆ ಮಾಡಿದರೆ, ಆಮೇಲೆ ಕಲ್ಲೆಸೆಯೋದು ಸಲೀಸು.

ಒಂದೇ ಕಚೇರಿ, ಒಬ್ಬನೇ ಗುರು, ಒಂದೇ ಇಂಡಿಯನ್ ಇಂಕ್. ಆದರೂ ಫಲ ಬೇರೆ. ಅದಕ್ಕೇ ನನ್ನ ವಾದ ಇಷ್ಟು: ವ್ಯಂಗ್ಯಚಿತ್ರದ ಬೆಲೆ ಗೆರೆಯ ಅಂದದಲ್ಲಿ ಮಾತ್ರ ಇಲ್ಲ, ನಗೆ ಯಾವ ಕಡೆ ಹರಿಯುತ್ತದೆ ಅನ್ನೋದರಲ್ಲಿ ಇದೆ. ಕುರ್ಚಿಯಲ್ಲಿ ಕೂತವನ ಕಡೆ ಹರಿದರೆ ಅದು ವ್ಯಂಗ್ಯ. ನೆಲದ ಮೇಲೆ ಕೂತವನ ಕಡೆ ಹರಿದರೆ ಅದು ಬರೀ ಬಡಿತ.

ಮೇಲೆ ಕೂತವನಿಗೆ ಈ ಗೆರೆ ಎಷ್ಟು ಚುರುಕ್ ಅನ್ನುತ್ತದೆ ನೋಡ್ರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1902ರ ಗವರ್ನರ್ ಚುನಾವಣೆಗೆ ಪೆನ್ನಿಪ್ಯಾಕರ್ ಎಂಬಾತ ನಿಂತಿದ್ದ. ಫಿಲಡೆಲ್ಫಿಯಾದ 'ನಾರ್ತ್ ಅಮೆರಿಕನ್' ಪತ್ರಿಕೆಯ ಚಾರ್ಲ್ಸ್ ನೆಲನ್ ಅವನನ್ನು ಗಿಳಿ ಮಾಡಿ ಬರೆದ, ಪಕ್ಷದ ಯಜಮಾನ ಕಲಿಸಿದ್ದನ್ನು ಒಪ್ಪಿಸುವ ಗಿಳಿ. ಆಸಾಮಿ ಗೆದ್ದ. 1903ರಲ್ಲಿ ಶಾಸನಸಭೆಗೆ ಒಂದು ಮಸೂದೆ ಬಂತು: ಮನುಷ್ಯರನ್ನು ಪ್ರಾಣಿ, ಪಕ್ಷಿ, ಮೀನು, ಹುಳದ ರೂಪದಲ್ಲಿ ಬರೆಯಬಾರದು! ಅದೇ ಪತ್ರಿಕೆಯ ವಾಲ್ಟ್ ಮ್ಯಾಕ್‌ಡೂಗಲ್ ಏನು ಮಾಡಿದ? ಪ್ರಾಣಿ ಬೇಡವೆಂದರೆ ಬೇಡ ಅಂತ ರಾಜಕಾರಣಿಗಳನ್ನು ಮರ, ಗಡ್ಡೆ, ಆಲೂಗಡ್ಡೆ ಮಾಡಿ ಬರೆದ, ಗವರ್ನರನನ್ನು ಬಿಯರ್ ಲೋಟ ಮಾಡಿದ. ಆ ವರ್ಷ ಬೇರೆ ರೂಪದಲ್ಲಿ ಒಂದು ಬಿಗಿ ಕಾನೂನು ಬಂದರೂ 1907ರಲ್ಲಿ ಅದು ರದ್ದಾಯಿತು. ಇವತ್ತು ಆ ಗವರ್ನರನ ಹೆಸರು ಸಮುದ್ರದಾಚೆಯ ನಮ್ಮವರೆಗೆ ಬಂದಿದ್ದರೆ ಆ ಗಿಳಿಯ ರೆಕ್ಕೆಯ ಮೇಲೆ ಬಂದಿದೆ.

ನಗೋಣ, ಆದರೆ ಅಮೆರಿಕವನ್ನು ನೋಡಿ ಮಾತ್ರ ನಗೋದು ಬೇಡ. ನಮ್ಮಲ್ಲಿ 1975ರಲ್ಲಿ ತುರ್ತುಪರಿಸ್ಥಿತಿ ಬಂದ ಎರಡು ತಿಂಗಳಿಗೆ 'ಶಂಕರ್ಸ್ ವೀಕ್ಲಿ' ಬಾಗಿಲು ಹಾಕಿತು. 2012ರಲ್ಲಿ ಮುಂಬೈಯಲ್ಲಿ ಅಸೀಮ್ ತ್ರಿವೇದಿ ಎಂಬ ವ್ಯಂಗ್ಯಚಿತ್ರಕಾರರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿದರು. ನೆಹರೂ ಒಬ್ಬರು ಇದಕ್ಕೆ ಹೊರತು. 1962ರ ಯುದ್ಧದ ಹೊತ್ತಿನಲ್ಲಿ ತನ್ನನ್ನೇ ಗೇಲಿ ಮಾಡಿದ ಚಿತ್ರ ನೋಡಿ, ದೊಡ್ಡದಾಗಿ ಬರೆದು ಸಹಿ ಹಾಕಿ ಕೊಡಿ ಅಂತ ಅವರು ಫೋನ್ ಮಾಡಿದ್ದನ್ನು ಲಕ್ಷ್ಮಣ್ ಹೇಳಿಕೊಂಡಿದ್ದಾರೆ.

ಇಲ್ಲಿ ಗೆಳೆಯರು ಒಂದು ಪ್ರಶ್ನೆ ಹಾಕುತ್ತಾರೆ: ಮೇಲೆ ಯಾರು, ಕೆಳಗೆ ಯಾರು ಅಂತ ತೀರ್ಮಾನ ಮಾಡೋರು ಯಾರಪ್ಪಾ? ನ್ಯಾಯವಾದ ಪ್ರಶ್ನೆ, ಪುಣೆಗೇ ಸಂಬಂಧಪಟ್ಟ ಪ್ರಶ್ನೆ. ಸಂವಿಧಾನ ತಯಾರಾಗೋದು ತಡವಾಯಿತು ಅಂತ 1949ರಲ್ಲಿ ಶಂಕರ್ ಒಂದು ಚಿತ್ರ ಬರೆದಿದ್ದರು. ಬಸವನಹುಳುವಿನ ಮೇಲೆ ಅಂಬೇಡ್ಕರ್, ಹಿಂದೆ ಚಾವಟಿ ಹಿಡಿದ ನೆಹರೂ. ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕದಲ್ಲಿದ್ದ ಆ ಚಿತ್ರದ ಮೇಲೆ 2012ರಲ್ಲಿ ಸಂಸತ್ತಿನಲ್ಲಿ ಗದ್ದಲವಾಯಿತು. ಪುಸ್ತಕದ ಸಲಹೆಗಾರರಲ್ಲಿ ಒಬ್ಬರಾಗಿದ್ದ ಪ್ರೊ. ಸುಹಾಸ್ ಪಳಶೀಕರ್ ಅವರ ಕೋಣೆಗೆ, ನಮ್ಮ ಪುಣೆ ವಿಶ್ವವಿದ್ಯಾಲಯದಲ್ಲೇ, ಮಂದಿ ನುಗ್ಗಿ ಸಾಮಾನು ಒಡೆದರು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಶಂಕರ್ ಇಬ್ಬರು ಮಂತ್ರಿಗಳನ್ನು ನೋಡಿ ನಕ್ಕರು ಅನ್ನೋದೂ ಖರೆ. ಆದರೆ ನೂರಾರು ವರ್ಷ ಚಾವಟಿಯ ಕೆಳಗೆ ಬದುಕಿದ ಜನರ ಮನೆಯ ಹುಡುಗ ಆ ಚಿತ್ರದಲ್ಲಿ ಮೊದಲು ನೋಡೋದು ಮಂತ್ರಿಯನ್ನಲ್ಲ, ಚಾವಟಿಯನ್ನು. ಅವನು 'ನನಗೆ ನೋವಾಗುತ್ತದೆ' ಅಂದರೆ 'ನಿನಗೆ ನಗೆ ಅರ್ಥವಾಗಲ್ಲ' ಅಂತ ಬಾಯಿ ಮುಚ್ಚಿಸೋ ಅಧಿಕಾರ ನಮಗೆ ಯಾರು ಕೊಟ್ಟರು? ಬರೆಯುವವನಿಗೆ ಬರೆಯುವ ಹಕ್ಕು, ನೊಂದವನಿಗೆ ನೊಂದೆ ಅನ್ನುವ ಹಕ್ಕು. ಎರಡೂ ಇರಲಿ. ಕುರ್ಚಿ ಒಡೆಯುವ ಹಕ್ಕು, ಜೈಲಿಗೆ ಹಾಕುವ ಹಕ್ಕು ಮಾತ್ರ ಯಾರಿಗೂ ಬೇಡ.

ಇದೇ ಕಣ್ಣಿನಿಂದ ಲಕ್ಷ್ಮಣರನ್ನೂ ನೋಡಬೇಕಲ್ಲ? ನೋಡಿದರೆ ನನಗೆ ಒಂದು ತಕರಾರು ಇದೆ. ಅವರ ಶ್ರೀಸಾಮಾನ್ಯನಿಗೆ ಕೋಟು ಇದೆ. ವಾರ್ಜೆ, ಹಡಪಸರ ಕಡೆ ಬೆಳಿಗ್ಗೆ ಮಜೂರ್ ಅಡ್ಡಾದಲ್ಲಿ ನಿಲ್ಲುವವರನ್ನು ನೋಡಿದ್ದೀರಾ? ಬುತ್ತಿ ಕಟ್ಟಿಕೊಂಡು, ಪುಟ್ಟಿ ಸಲಿಕೆ ಹಿಡಿದು, ಇವತ್ತು ಯಾರು ಕರೀತಾರೋ ಅಂತ ಕಾಯುವವರಲ್ಲಿ ಕಲಬುರ್ಗಿ, ಯಾದಗಿರಿ, ವಿಜಾಪುರದಿಂದ ಬಂದವರು ಬೇಕಾದಷ್ಟು ಮಂದಿ. ಈ ಊರಿನಲ್ಲಿ ಅತಿ ಹೆಚ್ಚು ಮಣ್ಣು ಹೊತ್ತ ಕನ್ನಡ ಅದು. ಲಕ್ಷ್ಮಣ್ ಬಡವರನ್ನು ಬರೆಯಲಿಲ್ಲ ಅಂತಲ್ಲ. ಗುಡಿಸಲನ್ನೂ, ಎಲುಬು ಕಾಣುವ ಹಳ್ಳಿಗರನ್ನೂ ಬರೆದರು. ಆದರೆ ನೋಡುವ ಕಣ್ಣು ಯಾವಾಗಲೂ ಕೋಟು ಹಾಕಿದವನದು. ಅಡ್ಡಾದಲ್ಲಿ ನಿಂತವನು ನೋಡಿದರೆ ಪುಣೆ ಹೇಗೆ ಕಂಡೀತು ಅನ್ನೋ ಚಿತ್ರ ಇನ್ನೂ ಬರೆಯೋದಿದೆ. ಇದು ಲಕ್ಷ್ಮಣರಿಗೆ ಅಗೌರವವಲ್ಲ. ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಮುಂದಿನ ಕೆಲಸ.

ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. 'ಡೆಕ್ಕನ್ ಹೆರಾಲ್ಡ್'ನಲ್ಲಿ ಬಿ.ವಿ. ರಾಮಮೂರ್ತಿ, 'ಪ್ರಜಾವಾಣಿ'ಯ 'ಚಿನಕುರಳಿ'ಯಲ್ಲಿ ಪಿ. ಮಹಮ್ಮದ್ ವರ್ಷಗಟ್ಟಲೆ ಬರೆದರು. ಗಂಡಸರ ಈ ಅಂಗಡಿಯಲ್ಲಿ ಮಾಯಾ ಕಾಮತ್ ಬೆಂಗಳೂರಿನಿಂದ ತಮ್ಮ ಗೆರೆಯನ್ನು ನಿಲ್ಲಿಸಿ ತೋರಿಸಿದರು. ನಾವು ಮಾತ್ರ ಪ್ರತಿ ಸಂಚಿಕೆಯಲ್ಲಿ ಚಂದಿರ, ನೆನಪು, ವಿರಹ ಅಂತ ಹನ್ನೆರಡು ಪುಟ ತುಂಬಿಸುತ್ತೇವೆ.

ಅದಕ್ಕೇ ಸಂಪಾದಕ ಮಂಡಳಿಗೆ ನನ್ನ ಸೂಚನೆ. ಮುಂದಿನ ಸಂಚಿಕೆಯಿಂದ ಒಂದು ಪುಟ ವ್ಯಂಗ್ಯಚಿತ್ರಕ್ಕೆ ಬಿಡಿ. ಸ್ಟೆನ್ಸಿಲ್ ಮೇಲೆ ಗೆರೆ ಎಳೆಯೋದು ಕಷ್ಟ, ಕಾಗದ ಹರಿಯುತ್ತದೆ ಅಂತ ನೆಪ ಹೇಳಬೇಡಿ. ಮೊದಲನೇ ಚಿತ್ರಕ್ಕೆ ವಿಷಯ ನಾನು ಕೊಡುತ್ತೇನೆ: ರಾಜ್ಯೋತ್ಸವದ ವೇದಿಕೆ, ಶಾಲು ಹೊದ್ದು ಹಾರ ಹಾಕಿಸಿಕೊಳ್ಳುವ ಹೋಟೆಲ್ ಮಾಲೀಕರು, ಪರದೆಯ ಹಿಂದೆ ಲೋಟ ತೊಳೆಯುತ್ತಿರುವ ಕನ್ನಡದ ಹುಡುಗ. ಅವನು ಮಾತಾಡಬೇಕಾಗಿಲ್ಲ, ನೋಡಿದರೆ ಸಾಕು. 'ನಮ್ಮ ಕೊನೇ ಪುಟದ ಜಾಹೀರಾತು ಯಾರದು ಗೊತ್ತಲ್ಲ?' ಅಂತ ಖಜಾಂಚಿ ಕೇಳಬಹುದು. ಗೊತ್ತು. ನಾನೂ ವಾಣಿಜ್ಯದ ವಿದ್ಯಾರ್ಥಿಯೇ, ಜಮಾ-ಖರ್ಚು ನನಗೂ ಬರುತ್ತದೆ. ಆ ಒಂದು ಜಾಹೀರಾತು ಹೋದರೆ ತಲಾ ಎಷ್ಟು ಹಾಕಬೇಕಾಗುತ್ತದೆ ಅಂತ ಲೆಕ್ಕ ಮಾಡಿ ಹೇಳಿ, ನನ್ನ ಪಾಲು ಮೊದಲು ಕೊಡುತ್ತೇನೆ.