ಅನುಭವಿ ಪೈಲಟ್ ಎಂದರೆ ಯಾರು?

2025ರ ಡಿಸೆಂಬರ್ ಆರಂಭದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಬೆಂಗಳೂರು ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿ, ರಾತ್ರಿ ವಿಮಾನ ಇಳಿಸುವುದಕ್ಕೆ ಮಿತಿ ಹೇರಿದ ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸಂಸ್ಥೆ ಸಜ್ಜು ಮಾಡಿಕೊಂಡಿರಲಿಲ್ಲ. ಇಂಥ ಸುದ್ದಿ ಓದಿದಾಗ, ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು ಬೆಳೆಯುವ ಕುಟುಂಬಗಳಲ್ಲೂ ‘ಮಗಳನ್ನೋ ಮಗನನ್ನೋ ಪೈಲಟ್ ಮಾಡಿದರೆ ಕೆಲಸ ಖಚಿತ’ ಎಂಬ ಆಸೆ ಚಿಗುರುವುದು ಸಹಜ. ಆದರೆ ಕೊರತೆ ಯಾರದು ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಸಾಕು. ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1,500 ಗಂಟೆ ಬೇಕು. ಸಂಸ್ಥೆಗಳು ಹುಡುಕಾಡುವುದು ಹೆಚ್ಚಾಗಿ ಈ ಎರಡನೆಯ ವರ್ಗದವರನ್ನು. ಅವರಲ್ಲೂ ಒಟ್ಟು ಗಂಟೆಗಳನ್ನಷ್ಟೇ ನೋಡುವುದಿಲ್ಲ. ತಮ್ಮಲ್ಲಿರುವ ಮಾದರಿಯ ವಿಮಾನವನ್ನೇ ಎಷ್ಟು ಗಂಟೆ ನಡೆಸಿದ್ದಾರೆ, ಇತ್ತೀಚೆಗೆ ಹಾರಿದ್ದಾರೆಯೇ, ವೈದ್ಯಕೀಯ ಅರ್ಹತೆ ಚಾಲ್ತಿಯಲ್ಲಿದೆಯೇ, ಹಿಂದಿನ ಸುರಕ್ಷತಾ ದಾಖಲೆ ಹೇಗಿದೆ ಎಂದು ವಿಚಾರಿಸಿ, ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸುತ್ತಾರೆ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅನುಭವಿಗಳೂ ಬೀದಿಗೆ ಬಿದ್ದರು. ಹಾರಾಟದಿಂದ ದೂರ ಉಳಿದಷ್ಟೂ ಅನುಭವದ ಬೆಲೆ ಇಳಿಯುತ್ತದೆ.

ಗಂಟೆಗಳ ಲೆಕ್ಕವೇ ಎಲ್ಲವೂ ಅಲ್ಲ ಎಂಬುದನ್ನು ಕರಾವಳಿಯ ನಾವು ಮರೆಯಲಾರೆವು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಅಸುನೀಗಿದರು. ಉಳಿದವರು ಎಂಟೇ ಮಂದಿ. ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗಳಿಗೂ ಮಿಕ್ಕಿದ ಅನುಭವವಿತ್ತು. ಇಳಿಯುವುದನ್ನು ಬಿಟ್ಟು ಮತ್ತೊಂದು ಸುತ್ತು ಹೋಗುವಂತೆ ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದರೂ ಅವರು ಕಿವಿಗೊಡಲಿಲ್ಲ, ಪ್ರಯಾಣದ ಬಹುಭಾಗ ಅವರು ನಿದ್ರಿಸಿದ್ದರು ಎಂದು ತನಿಖಾ ವರದಿ ಹೇಳಿತು. ಕಿರಿಯರ ಮಾತು ಕೇಳುವ ಗುಣ, ತಪ್ಪುತ್ತಿದೆ ಎಂದು ಕಂಡಾಗ ಹಿಂದೆ ಸರಿಯುವ ವಿವೇಕ, ದಣಿವನ್ನು ಮುಚ್ಚಿಡದ ಪ್ರಾಮಾಣಿಕತೆ: ಇವನ್ನು ಲಾಗ್‌ಬುಕ್ ತೋರಿಸುವುದಿಲ್ಲ. ಆಯ್ಕೆ ಮಾಡುವವರು ಇವನ್ನೇ ಹುಡುಕಬೇಕು. ವಿಶ್ರಾಂತಿಯ ನಿಯಮವನ್ನು ಹೊರೆಯೆಂದು ಕಾಣುವವರೂ ಆ ದಿನವನ್ನು ನೆನೆಯಲಿ.

ಇನ್ನು ಹೆತ್ತವರಿಗೆ ಒಂದು ಮಾತು. ಜಮೀನು ಅಡವಿಟ್ಟು ಶುಲ್ಕ ಕಟ್ಟುವ ಮುನ್ನ ಮಕ್ಕಳ ವೈದ್ಯಕೀಯ ಪರೀಕ್ಷೆ ಮಾಡಿಸಿರಿ. ಪರವಾನಗಿಯ ನಂತರ ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿಗೆ ತಗಲುವ ಖರ್ಚನ್ನೂ ಕೇಳಿ ತಿಳಿಯಿರಿ. 200 ಗಂಟೆಗೂ 1,500 ಗಂಟೆಗೂ ನಡುವಿನ ವರ್ಷಗಳಲ್ಲಿ ಸಾಲದ ಕಂತು ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಮನೆಯಲ್ಲೇ ಉತ್ತರ ಸಿಕ್ಕ ಮೇಲೆ ಮುಂದಡಿ ಇಡುವುದು ಒಳ್ಳೆಯದು.