ಸಭೆಗಳ ಬೇರು ಆಳಕ್ಕಿಳಿಯಲಿ



ಸಿಂದಗಿ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ. ಮೇಲ್ಮಣ್ಣು ಒಣಗಿ ಬಿರಿದರೂ ಬೇರು ಕೆಳಗಿಳಿದು ಹಸಿ ಹುಡುಕುತ್ತದೆ. ಬರ ಕಂಡ ನಮ್ಮ ಹಿರಿಯರು ಒಂದೇ ಬೆಳೆ ನಂಬಲಿಲ್ಲ. ಜೋಳದ ನಡುವೆ ಅಕ್ಕಡಿ ಬೆಳೆಯಾಗಿ ಕಡಲೆ, ಕುಸುಬಿ ಹಾಕಿದರು. ಕಡಲೆ ಮಣ್ಣಿಗೆ ಸಾರಜನಕ ಕೊಡುತ್ತದೆ, ಮುಳ್ಳಿನ ಕುಸುಬಿ ದನಗಳನ್ನು ದೂರವಿಡುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತದೆ.

ಬೇರು ಆಳಕ್ಕಿಳಿಸುವ, ಒಂದನ್ನೇ ನಂಬದ ಈ ಪಾಠ ನಮ್ಮ ಕ್ರೈಸ್ತ ಸಭೆಗಳಿಗೂ ಬೇಕು. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಬಳಿಕ ದೇಶದಿಂದ ಕಳಿಸಿತು. ಆದರೂ ಸಭೆಗಳು ಅಳಿಯಲಿಲ್ಲ. ಕನ್ನಡದಲ್ಲೇ ಪ್ರಾರ್ಥಿಸುವ, ಹಾಡುವ, ಬೋಧಿಸುವ ಸ್ಥಳೀಯರು ಅಷ್ಟರಲ್ಲಿ ಸಿದ್ಧರಾಗಿದ್ದರು.

ಇಂದು ಎಷ್ಟೋ ಸಭೆಗಳು ಒಬ್ಬ ಸಭಾಪಾಲಕರನ್ನೋ ಹೊರಗಿನ ದೇಣಿಗೆಯನ್ನೋ ನೆಚ್ಚಿಕೊಂಡಿವೆ. ಸಭಾಪಾಲಕರಿಗೆ ವರ್ಗವಾದರೆ, ಹಣ ನಿಂತರೆ ಕೆಲಸವೂ ನಿಲ್ಲುತ್ತದೆ. ಬಿತ್ತುವವನ ಸಾಮ್ಯದಲ್ಲಿ ಯೇಸು ಹೇಳಿದ್ದೂ ಇದನ್ನೇ: ಬೇರಿಲ್ಲದ ಸಸಿ ಬಿಸಿಲಿಗೆ ಬಾಡುತ್ತದೆ.

ಮಹಿಳೆಯರಿಗೂ ಯುವಕರಿಗೂ ಹೊಣೆ ಕೊಡಿ. ಮನೆ ಪ್ರಾರ್ಥನೆಗಳನ್ನು ಬಲಪಡಿಸಿ. ಲೆಕ್ಕಪತ್ರ ಎಲ್ಲರ ಮುಂದಿಡಿ. ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಬರಗಾಲಕ್ಕೆಂದು ತೆಗೆದಿಡಿ. ಅದು ಜಾತಿ, ಮತ ನೋಡದೆ ಊರ ಬಡವರಿಗೆ ಸಲ್ಲಲಿ. ಊರಿನ ಕಷ್ಟಸುಖದಲ್ಲಿ ಬೆರೆತ ಸಭೆಯೇ ಉಳಿಯುತ್ತದೆ. ಸಭೆಯ ಹಿರಿಯರು ಈ ಸುಗ್ಗಿಯಿಂದಲೇ ಇದನ್ನು ಆರಂಭಿಸಬೇಕೆಂದು ವಿನಂತಿ.

– ಸಭೆಯ ಸದಸ್ಯೆ, ಸಿಂದಗಿ